ಗೇರು ಶೆಡ್ಡಿಗೆ ಕರೆಂಟು, ಕೇರಿಗೆ ಕೊಡಪಾನ

ಕಾರವಾರ, ಅಂಕೋಲೆಯ ಕಡೆ ಇಪ್ಪತ್ತು ವರ್ಷದಿಂದ ಕಂಬ ಹತ್ತುತ್ತಿರುವ ಲೈನ್‌ಮನ್ ನಾನು. ತಂತಿಯ ಮೇಲೆ ಕಾಗೆ ಸತ್ತರೂ ಬೈಗುಳ ನನಗೇ, ಮನೆಯಲ್ಲಿ ಮಿಕ್ಸರ್ ಸುಟ್ಟರೂ ನನಗೇ. ಇಂಥದ್ದು ದಿನಕ್ಕೊಂದು ಇದ್ದೇ ಇರುತ್ತದೆ. ಆದರೆ ಹಿಲ್ಲೂರಿನ ಕಡೆಯ ಒಂದು ಕೇರಿಯಲ್ಲಿ, ಮುಚ್ಚಿದ ಗೇರುಬೀಜದ ಶೆಡ್ಡಿನ ದೆಸೆಯಿಂದ ತಿಂದ ಬೈಗುಳ ಮಾತ್ರ ನನಗೆ ಇನ್ನೂ ಅರಗಿಲ್ಲ.

ಕಲಿಯುವವರಿಲ್ಲದ ಕ್ಲಾಸು

ಹೊರಗಿನವರೊಬ್ಬರು ಆ ಶೆಡ್ಡನ್ನು ಬಾಡಿಗೆಗೆ ಹಿಡಿದ ಮೇಲೆ ಕೇರಿಯ ಬಲ್ಬುಗಳೆಲ್ಲ ಅರಿಶಿನ ಹಚ್ಚಿಕೊಂಡಂತೆ ಮಂಕಾದವು. ಕೊಳವೆಬಾವಿಯ ಪಂಪು ಗುಂಯ್ ಎನ್ನುತ್ತಿತ್ತು, ನೀರು ಟಾಂಕಿಗೆ ಏರುತ್ತಿರಲಿಲ್ಲ. ಹೆಂಗಸರು ದೂರದ ಹಳ್ಳದಿಂದ ಕೊಡ ಹೊತ್ತರು, ದಾರಿಯುದ್ದಕ್ಕೂ ನನ್ನ ವಂಶವನ್ನು ನೆನೆದರು.

ವಿಚಾರಿಸಲು ಹೋದರೆ ಬಾಡಿಗೆದಾರರು ಇದು ಕಂಪ್ಯೂಟರ್ ಕ್ಲಾಸು ಎಂದರು. ಒಳಗೆ ಜೇನು ಎದ್ದಂಥ ಸದ್ದು, ಗೋಡೆ ತುಂಬ ಪೆಟ್ಟಿಗೆಗಳು, ಕೂರಲು ಒಂದು ಕುರ್ಚಿಯೂ ಇಲ್ಲ. ಕಲಿಯುವವರು ಎಲ್ಲಿ ಎಂದು ಕೇಳಿದೆ. ಕೊನೆಗೆ ಬಾಯಿ ಬಿಟ್ಟರು: ಪೆಟ್ಟಿಗೆಗಳು ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತವಂತೆ, ಬಿಡಿಸಿದರೆ ಬಿಟ್‌ಕಾಯಿನ್ ಹುಟ್ಟುತ್ತದಂತೆ, ಅದನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲವಂತೆ. ನನಗೆ ಮೈ ಉರಿಯಿತು. ನಮ್ಮ ಜಿಲ್ಲೆ ಕಾಳಿ ನದಿಗೆ ಅಣೆಕಟ್ಟು ಕಟ್ಟಿಸಿಕೊಂಡು, ಊರು ಮುಳುಗಿಸಿಕೊಂಡು ಕರೆಂಟು ಕೊಟ್ಟದ್ದು ಈ ಕಾಣದ ನಾಣ್ಯಕ್ಕೋ? ನಾವು ಶಾಲೆಯಲ್ಲಿ ಲೆಕ್ಕ ಮಾಡಿದರೆ ಮಾಸ್ತರರ ಪೆಟ್ಟು ಬಿಟ್ಟು ಬೇರೇನೂ ಹುಟ್ಟುತ್ತಿರಲಿಲ್ಲ.

ದೇವರಿಗೆ ಮಡಿ ಕರೆಂಟು

ಟ್ರಾನ್ಸ್‌ಫಾರ್ಮರಿನ ಫ್ಯೂಸು ಮೂರನೇ ಸಲ ಹಾರಿದಾಗ ಜಗಳಕ್ಕೆಂದೇ ಹೋದೆ. ಬಾಡಿಗೆದಾರರು ನಗುತ್ತ ಮಾಡಿನ ಮೇಲಿನ ನಾಲ್ಕು ಸೋಲಾರ್ ಹಲಗೆ ತೋರಿಸಿದರು. ತಮ್ಮದು ಪರಿಸರಕ್ಕೆ ಹೊರೆಯಿಲ್ಲದ ಉದ್ಯೋಗವಂತೆ, ನಡೆಸುವವನು ಸೂರ್ಯನೇ ಅಂತೆ. ನೋಡಲು ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಾರಂತೆ.

ಲೈನ್‌ಮನ್ ಆದವನು ಬಾಯಿಯನ್ನು ನಂಬುವುದಿಲ್ಲ, ತಂತಿಯನ್ನು ನಂಬುತ್ತಾನೆ. ಸೋಲಾರ್ ತಂತಿಯನ್ನೇ ಹಿಡಿದು ಹೊರಟೆ. ಅದು ಮಾಡು ಇಳಿದು, ಗೋಡೆ ಬಳಸಿ, ಅಷ್ಟೂ ಪೆಟ್ಟಿಗೆಗಳನ್ನು ದಾಟಿ ಗಣಪತಿಯ ಪಟದ ಮುಂದಿನ ಒಂದು ಸಣ್ಣ ಬಲ್ಬಿಗೆ ಹೋಗಿ ಮುಗಿಯಿತು. ಪೆಟ್ಟಿಗೆಗಳ ಗತಿ ಏನು ಎಂದರೆ, ಅವಕ್ಕೆ ಸೂರ್ಯ ಸಾಕಾಗುವುದಿಲ್ಲ ಎಂದರು. ಅಂತೂ ದೇವರಿಗೆ ಮಡಿ ಕರೆಂಟು, ಪೆಟ್ಟಿಗೆಗಳಿಗೆ ಕೇರಿಯವರ ಕರೆಂಟು.

ಕಂಬದ ಬುಡದ ಸಭೆ

ಶೆಡ್ಡಿಗೆ ಮಂಜೂರಾದದ್ದು ಗೇರುಬೀಜ ಸುಲಿಯುವಷ್ಟು ಕರೆಂಟು, ಎಳೆಯುತ್ತಿದ್ದುದು ಅದರ ಹಲವು ಪಟ್ಟು. ವರದಿ ಬರೆದೆ, ಆಫೀಸಿಗೆ ಅಲೆದೆ. ಲೈನ್ ಕಡಿಯುವ ಆದೇಶ ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಕೇರಿಯವರು ಹಾರ ಹಾಕದಿದ್ದರೂ ಒಂದು ಒಳ್ಳೆಯ ಮಾತು ಆಡಿಯಾರು ಎಂದುಕೊಂಡು ಹೋದೆ.

ಏಣಿ ಆನಿಸಿದ್ದೇ ತಡ, ಕೊಡ ಹೊತ್ತು ಬೈದವರೆಲ್ಲ ಓಡಿ ಬಂದು ಏಣಿ ಹಿಡಿದುಕೊಂಡರು. ನಾನು ಬೀಳದಿರಲಿ ಎಂದಲ್ಲ, ಹತ್ತದಿರಲಿ ಎಂದು. ನೋಡಿದರೆ, ಪೆಟ್ಟಿಗೆಗಳ ಫ್ಯಾನುಗಳು ಬಿಸಿಗಾಳಿ ಉಗುಳುವ ಶೆಡ್ಡಿನ ಹಿಂಬದಿಗೆ ಬಿದಿರಿನ ತಟ್ಟಿ ಕಟ್ಟಿ, ಸಾರಿಗೆ, ಪಾನಕಕ್ಕೆ ಎಂದು ಒಣಗಿಸಿಡುವ ಮುರುಗಲ ಹಣ್ಣಿನ ಸಿಪ್ಪೆಯನ್ನು ಕೇರಿಯ ಅಷ್ಟೂ ಮನೆಯವರು ಹರವಿದ್ದಾರೆ. ಪ್ರತಿ ವರ್ಷ ಮಳೆ ಬಂದು ಅರ್ಧ ಸಿಪ್ಪೆಗೆ ಬೂಸರು ಹಿಡಿಯುತ್ತಿತ್ತು. ಈ ವರ್ಷ ಒಂದೂ ಕೆಟ್ಟಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬೈದಿದ್ದ ಅಜ್ಜಿಯೇ ಮುಂದೆ ಬಂದಳು. "ಇನ್ನೆರಡು ದಿನ ತಡಿ ತಮ್ಮಾ, ಸಿಪ್ಪೆ ಒಣಗ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ನೀರಿಲ್ಲ ಎಂದು ನನ್ನ ಪ್ರಾಣ ತಿಂದವರು ನೀವೇ ಅಲ್ಲವೇ ಎಂದೆ.

"ನೀರು ಹೊತ್ರೆ ಬತ್ತದೆ," ಎಂದಳು ಅಜ್ಜಿ. "ಬಿಸ್ಲು ಹೊತ್ತು ತರೂಕಾತದ್ಯಾ?"

ಆದೇಶ ಆದೇಶವೇ. ಏಣಿ ಬಿಡಿಸಿಕೊಂಡು ಹತ್ತಿ ಕಡಿದೆ. ಪೆಟ್ಟಿಗೆಗಳು ಸುಮ್ಮನಾದವು, ಪಂಪು ಉಸಿರು ಹಿಡಿಯಿತು, ತುಸು ಹೊತ್ತಿಗೆ ಟಾಂಕಿ ತುಂಬಿ ಹೊರಗೆ ಚೆಲ್ಲಿತು. ಅತ್ತ ಯಾರೂ ನೋಡಲಿಲ್ಲ. ಎಲ್ಲರೂ ಮತ್ತೆ ಮಳೆ ಸುರಿಯುವ ಮುಂಚೆ ಸಿಪ್ಪೆ ಬಾಚುವುದರಲ್ಲಿದ್ದರು. ಬಾಯಾರಿ ಅಜ್ಜಿಯ ಜಗಲಿಯಲ್ಲಿ ಕೂತು ಕುಡಿಯಲು ಏನಾದರೂ ಕೊಡು ಎಂದೆ. ಒಂದು ಚೊಂಬು ತಂದು ಕುಕ್ಕಿದಳು.

"ಮುರುಗಲ ಪಾನಕ ಕೊಡ್ವಾ ಅಂದ್ರೆ ಸಿಪ್ಪೆ ನೀನೇ ಕೆಡಿಸ್ದೆ. ಬರೀ ನೀರು ಕುಡಿ, ಈಗ ಬೇಕಾದಷ್ಟು ಅದೆ."