ಬಾದೂರನ ವೋಟು

ಎಲ್ಲಕ್ಕೂ ಕಾರಣ ಒಂದು ಲೋಟ ಚಹಾ.

ಕಾಂಡ್ಲಕೇರಿಯ ಶಾಲೆಯಲ್ಲಿ ಗ್ರಾಮ ಪಂಚಾಯ್ತಿಯ ಮತದಾನ ನಡೆದಿತ್ತು. ಎದುರಿನ ಗೂಡಂಗಡಿಯ ಬಾದೂರ ಮತಗಟ್ಟೆಯವರಿಗೆ ಚಹಾ ತಂದಿದ್ದ. ಬೆರಳಿಗೆ ಮಸಿ ಹಚ್ಚುವ ಕೆಲಸಕ್ಕೆ ಹೊನ್ನಾವರದಿಂದ ಬಂದಿದ್ದ ಟೀಚರು ಸೌಜನ್ಯಾ ಅಕ್ಕೋರು ಮಸಿಕಡ್ಡಿ ಹಿಡಿದ ಕೈಯನ್ನೇ ಲೋಟಕ್ಕೆ ಚಾಚಿದರು. ಲೋಟ ಸುಟ್ಟಿತು, ಕೈ ಹಾರಿತು, ಕಡ್ಡಿ ಬಾದೂರನ ಎಡಗೈಯ ತೋರುಬೆರಳ ಮೇಲೆ ಉದ್ದಕ್ಕೊಂದು ಗೀಟೆಳೆಯಿತು.

"ಅಯ್ಯೋ ರಾಮ! ಇದು ಎಂಟು ದಿನ ತಿಕ್ಕಿದ್ರೂ ಹೋಗೂದಿಲ್ಲ!"

"ಇರ್ಲಿ ಬಿಡಿ ಅಕ್ಕೋರೆ," ಅಂದ ಬಾದೂರ. ಹೋಗದಿದ್ದರೇ ಒಳ್ಳೆಯದು ಎಂಬಂತಿತ್ತು ಅವನ ಮುಖ.

ಪೂರ್ತಿ ಹೆಸರು ಧನಬಹಾದ್ದೂರ. ನೇಪಾಳದ ಗುಡ್ಡದೂರಿನಿಂದ ತೋಟ ಕಾಯಲು ಬಂದವ, ಇಪ್ಪತ್ತಾರು ವರ್ಷದಿಂದ ಈ ಹೊಳೆದಂಡೆಯಲ್ಲೇ ಉಳಿದಿದ್ದ. ಕೇರಿಯಲ್ಲಿ ಯಾರು ಸತ್ತರೂ ಹೆಗಲು ಕೊಡುವವ, ಮಳೆಗಾಲದಲ್ಲಿ ಗಟಾರದ ಕಸ ತೆಗೆಯುವವ, ಶನಿವಾರದ ಭಜನೆಗೆ ಎಲ್ಲರಿಗಿಂತ ಮೊದಲು ಬಂದು ತಾಳ ಹಿಡಿಯುವವ. ವೋಟು ಮಾತ್ರ ಇರಲಿಲ್ಲ; ಅವನು ಈ ದೇಶದ ಪ್ರಜೆಯಲ್ಲ. ಚುನಾವಣೆ ಬಂತೆಂದರೆ ಉಮೇದುವಾರರು ಮನೆಮನೆಗೂ ಕೈಮುಗಿಯುತ್ತ ಬರುವರು. ಬಾದೂರನ ಬಾಗಿಲಿಗೆ ಬಂದಾಗ ಮುಗಿದ ಕೈ ಬಿಚ್ಚಿ, "ನಾಲ್ಕು ಚಹಾ ಮಾಡು" ಅನ್ನುವರು. ಆದರೂ ಅವನು ಪ್ರತಿ ಸಲವೂ ಶರ್ಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಈ ಸಲವಾದರೂ ಯಾರಾದರೂ ಮರೆತು ಕೈಮುಗಿದಾರೇನೋ ಎಂದು.

ಮಸಿಯ ಬೆರಳನ್ನು ಗಾಳಿಗೆ ಆರದ ಹಾಗೆ ಒಯ್ಯುವ ದೀಪದಂತೆ ಎತ್ತಿ ಹಿಡಿದು ಅಂಗಡಿಗೆ ಹೊರಟವನಿಗೆ ಪರಮೇಶ್ವರಿ ಅಜ್ಜಿ ಎದುರಾದಳು.

"ಏ ತಮಾ, ನೀನೂ ಹಾಕ್ದ್ಯಾ? ಯಾರಿಗೆ?"

ಇಲ್ಲ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 'ಯಾರಿಗೆ' ಎಂದು ಅವನನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ದೇವರ ಮುಂದೆ ಭಟ್ಟರು ತನ್ನ ಹೆಸರನ್ನೂ ಸೇರಿಸಿ ಸಂಕಲ್ಪ ಹೇಳಿದಂತಾಯಿತು. ಬಾದೂರ ಸುಮ್ಮನೆ ನಕ್ಕ.

ಆ ನಗು ಅವನಿಗಿಂತ ಮುಂಚೆ ಕೇರಿ ಸುತ್ತಿತು.

ಶಾಲೆಯಾಚೆಯ ಗೇರುಮರದ ಕೆಳಗೆ ಎರಡು ಪಂಗಡದ ಏಜೆಂಟರು ಕೂತಿದ್ದರು. ಗಾಳಿಪಟದ ಗುರುತಿಗೆ ಪಾಂಡು, ಹೊಲಿಗೆಯಂತ್ರದ ಗುರುತಿಗೆ ಶಾಂತಾರಾಮ. ಕುಮಟಾ ಬಸ್ಸಿಗೆ ಒಬ್ಬ ಮುಂದಿನ ಬಾಗಿಲಿಂದ ಹತ್ತಿದರೆ ಇನ್ನೊಬ್ಬ ಹಿಂದಿನದರಿಂದ ಹತ್ತುವಷ್ಟು ದ್ವೇಷ.

ಪಾಂಡು ಮೊದಲು ಓಡಿಬಂದ. "ಬಾದೂರಣ್ಣಾ, ಗಾಳಿಪಟಕ್ಕೇ ಹಾಕ್ದ್ಯಲಾ? ನಿನ್ನ ಮನೆ ನಲ್ಲಿ ನಾಳೆನೇ ರಿಪೇರಿ, ಆತಾ?"

ನಿನ್ನೆಯವರೆಗೆ 'ಏ ಬಾದೂರ' ಆಗಿದ್ದವ ಇಂದು ಅಣ್ಣ ಆಗಿದ್ದ. ಅದನ್ನು ಸವಿಯುವಷ್ಟರಲ್ಲಿ ಶಾಂತಾರಾಮ ಮುರುಗಲ ಹಣ್ಣಿನಂತೆ ಕೆಂಪಾಗಿ ಬಂದ.

"ನಿನ್ನ ಒಳಗೆ ಬಿಟ್ಟವರು ಯಾರೋ? ಈ ಸಲ ಅದು..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. "ಬೋಗಸ್ ವೋಟು! ಕಂಪ್ಲೇಂಟ್ ಕೊಡ್ತೆ! ಪೊಲೀಸರು ನಿನ್ನ ಗಡಿ ದಾಟಿಸಿ ಬರ್ಲಿ!"

ಬಾದೂರ ಮಸಿಯ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ನಾ ಹಾಕ್ಲೇ ಇಲ್ಲ ಮಾರಾಯ್ರೆ! ಚಹಾ ಕೊಡೂಕೆ ಹೋದಾಗ ಮಸಿ ತಾಗ್ತು, ಅಷ್ಟೇ!"

"ಎಲ್ಲಾ ಕಳ್ಳರೂ ಹಂಗೇ ಹೇಳೂದು!"

ಜನ ಅವನನ್ನು ಮದುವೆಯ ದಿಬ್ಬಣದಂತೆ ಮತಗಟ್ಟೆಗೆ ಕರೆತಂದರು. ಸೌಜನ್ಯಾ ಅಕ್ಕೋರು ನಡೆದದ್ದನ್ನು ಹೇಳಿದರು. ಆದರೂ ಒಮ್ಮೆ ನೋಡೋಣವೆಂದು ಅಧಿಕಾರಿ ಅವನ ಪೂರ್ತಿ ಹೆಸರು ಕೇಳಿ ಮತದಾರರ ಪಟ್ಟಿ ತಿರುವಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಧನಬಹಾದ್ದೂರ, ತಂದೆ ಕರ್ಣಬಹಾದ್ದೂರ. ನೀವೇ ಅಲ್ವೇನ್ರೀ? ಹೆಸರಿದೆಯಲ್ಲ! ಇನ್ನೂ ವೋಟು ಹಾಕಿಲ್ಲ. ಮಸಿ ನಮ್ಮ ಕೈಯಿಂದಾದ ತಪ್ಪು, ಬರೆದುಕೊಳ್ತೇನೆ. ಬನ್ನಿ."

ಅಪ್ಪನ ಹೆಸರು! ಯಾವಾಗಲೋ ರೇಷನ್ ಕಾರ್ಡು ಮಾಡಿಸಿಕೊಡುತ್ತೇನೆಂದು ಶಾಂತಾರಾಮ ಅದನ್ನು ಕೇಳಿ ಬರೆದುಕೊಂಡಿದ್ದ. ಆಮೇಲೆ ಈ ಊರಲ್ಲಿ ಯಾರೂ ಅದನ್ನು ಉಚ್ಚರಿಸಿರಲಿಲ್ಲ. ಬಾದೂರನ ಕಣ್ಣು ಮಂಜಾಯಿತು. ಅಧಿಕಾರಿ ಮತಪತ್ರ ಮುಂದಕ್ಕೆ ಹಿಡಿದಿದ್ದರು. ನಾಲ್ಕು ಹೆಜ್ಜೆಯಾಚೆ ರಟ್ಟಿನ ಮರೆ, ಅದರ ಹಿಂದೆ ಇಪ್ಪತ್ತಾರು ವರ್ಷದ ಆಸೆ.

ಅವನು ಕೈ ಚಾಚಿದ. ಅರ್ಧಕ್ಕೆ ಕೈ ನಿಂತಿತು.

"ಸಾಯ್ಬ್ರೆ, ನಾ ನೇಪಾಳದವ. ಈ ದೇಶದ ಕಾಗದ ನನ್ನ ಹತ್ರ ಇಲ್ಲ. ಹೆಸರು ಹೆಂಗೆ ಬಂತೋ ದೇವರಿಗೇ ಗೊತ್ತು. ಸುಳ್ಳು ಹೇಳಿ ಹಾಕಿರೆ ಅದು ನಾ ಹಾಕಿದ ವೋಟಾಗೂದಿಲ್ಲ."

ಶಾಂತಾರಾಮ ಜನರ ನಡುವಿನಿಂದ ಮುಂದಕ್ಕೆ ನುಗ್ಗಿದ.

"ಹಂಗಾರೆ ನಮ್ಮ ಪಾಳಿ? ಈ ಸಲ ಇವನ ವೋಟು ನಮ್ಮದಾಗಿತ್ತು! ಮಧ್ಯಾಹ್ನ ನಮ್ಮ ಜನ ಬಂದು ಹಾಕೂರಿದ್ರು!"

"ಎಂತಾ ನಿಮ್ಮದು?" ಪಾಂಡು ಹಾರಿಬಿದ್ದ. "ಹೋದ ಸಲ ಹಾಕಿದ್ದು ನೀವೇ! ಈ ಸಲ ಗಾಳಿಪಟದ ಪಾಳಿ!"

"ಹೋದ ಸಲ ಹಾಕಿದ್ದು ನೀವು!"

"ನೀವು!"

ತೋಟಕ್ಕೆ ನೀರು ಬಿಟ್ಟುಕೊಳ್ಳುವ ಹಾಗೆ, ಹದಿನೈದು ವರ್ಷದಿಂದ ಇಬ್ಬರೂ ಬಾದೂರನ ವೋಟನ್ನು ಪಾಳಿಯ ಮೇಲೆ ಬಿಟ್ಟುಕೊಂಡು ಬಂದಿದ್ದರು. ಅಧಿಕಾರಿ ಇಬ್ಬರನ್ನೂ ಹೊರಗಟ್ಟಿದರು. ಆಮೇಲೆ ಬಾದೂರನತ್ತ ನೋಡಿ ಮೆಲ್ಲಗೆ, "ಈ ಹೆಸರು ತೆಗೀಲಿಕ್ಕೆ ಕುಮಟಾಕ್ಕೆ ಬರೀಬೇಕು. ಏನೂ ಮಾಡಲಿಕ್ಕಾಗೋದಿಲ್ಲ," ಅಂದರು.

ಸಂಜೆ ಪಾಂಡುವೂ ಶಾಂತಾರಾಮನೂ, ಜನ್ಮದಲ್ಲೇ ಮೊದಲ ಸಲ, ಬಾದೂರನ ಅಂಗಡಿಯ ಒಂದೇ ಬೆಂಚಿನ ಮೇಲೆ ಸೂತಕದವರಂತೆ ಕೂತಿದ್ದರು.

"ಒಂದು ಒಳ್ಳೆ ವೋಟು ಸುಮ್ಸುಮ್ನೆ ಹಾಳಾತು," ಅಂದ ಪಾಂಡು.

"ಊರಿನ ಮೇಲೆ ಚೂರೂ ಪ್ರೀತಿ ಇಲ್ಲ ಇವನಿಗೆ," ಅಂದ ಶಾಂತಾರಾಮ.

ಬಾದೂರ ಇಬ್ಬರ ಮುಂದೂ ಚಹಾ ಇಟ್ಟ. ಯಾಕೋ ಶರ್ಟಿನ ಅಂಚು ಎಳೆದುಕೊಂಡು ಕೇಳಿದ:

"ಆದದ್ದು ಆತು. ಇದೊಂದು ಹೇಳಿ ಅಣ್ಣಾ. ಹೋದ ಸಲ ನಾನು ಯಾರಿಗೆ ಹಾಕಿದ್ದೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹದಿನೈದು ವರ್ಷದ ವೈರಿಗಳು ಒಂದೇ ದನಿಯಲ್ಲಿ ಹೇಳಿದರು:

"ಅದೆಲ್ಲ ಹೇಳೂಕೆ ಬರೂದಿಲ್ಲ ಮಾರಾಯಾ. ಮತದಾನ ಗುಪ್ತ."