ನಾನು ಪಳಗಿಸಿದ ಬೇಟೆನಾಯಿ

ಪ್ರೀತಿಗೆ ಪಳಗದ ಜೀವ ಈ ಭೂಮಿಯ ಮೇಲಿಲ್ಲವೆಂದು ಇಪ್ಪತ್ತು ವರ್ಷಗಳಿಂದ ಉಪದೇಶಿಸುತ್ತ ಬಂದವನು ನಾನು. ಅಂಥವನು ಒಂದು ನಾಯಿಯ ಮುಂದೆ ಸೋಲೊಪ್ಪುವುದುಂಟೆ? ಎಂದಿಗೂ ಇಲ್ಲ!

ನಾಯಿಯ ಹೆಸರು ಬಾಣ. ಅಪ್ಪಟ ಬೇಟೆಯ ತಳಿ. ಬೇಟೆಯ ವಾಸನೆ ಹತ್ತಿದರೆ ಬೊಗಳದು. ಮುಂಗಾಲೊಂದನ್ನು ಮಡಚಿ, ಬಾಲವನ್ನು ಸೆಟೆಸಿ, ಮೂಗನ್ನು ಗುರಿಯತ್ತ ನೆಟ್ಟು ಕಲ್ಲಾಗಿ ನಿಂತುಬಿಡುತ್ತದೆ. ಉಳಿದ ಹೊತ್ತಿನಲ್ಲಿ ಅದು ಪ್ರೀತಿಯ ಬಿರುಗಾಳಿ! ಕಳೆದ ವಾರ ನಮ್ಮ ಮನೆಯ ಪ್ರಾರ್ಥನಾ ಕೂಟಕ್ಕೆ ಬಂದ ನಿವೃತ್ತ ಅಂಚೆ ಮಾಸ್ತರರನ್ನು ಬಾಗಿಲಲ್ಲೇ ಆಲಿಂಗಿಸಿತು. ಮಾಸ್ತರರು ಹೂಕುಂಡದ ಮೇಲೆ, ಬಾಣ ಮಾಸ್ತರರ ಮೇಲೆ, ಅವರ ಕನ್ನಡಕ ಬಾಣನ ಬಾಯಲ್ಲಿ!

ನನ್ನಾಕೆ ತೀರ್ಪು ಕೊಟ್ಟಳು: “ನೋಡಿ, ಈ ವಾರದ ಕೂಟದಲ್ಲಿ ಇದು ಒಂದೇ ಒಂದು ಸಲ ಕುಣಿದರೂ, ಮಾರನೇ ದಿನವೇ ನಮ್ಮಣ್ಣನ ತೋಟಕ್ಕೆ.”

“ಕುಣಿಯೋದಿಲ್ಲ. ನಾನೇ ಕೂರಿಸ್ತೀನಿ.”

“ನೀವೇ ಒಂದು ಕಡೆ ಕೂರೋರಲ್ಲ, ಅದನ್ನ ಕೂರಿಸ್ತೀರಾ?”

“ಲೋಕವೇ ಎದುರು ನಿಲ್ಲಲಿ, ಬಾಣ ಈ ಮನೆ ಬಿಡೋದಿಲ್ಲ!”

ಆರು ದಿನ ತಾಲೀಮು ನಡೆಯಿತು. ಒಂದು ಸಲ ಕೂತರೆ ಒಂದು ಬೆಣ್ಣೆ ಬಿಸ್ಕತ್ತು. ನೂರು ಸಲ ಕೂತು ಎದ್ದದ್ದು ಹೆಚ್ಚಾಗಿ ನಾನೇ.

ಕೂಟದ ದಿನ ಬಂತು. ವಿಷಯ ಉಪವಾಸ. ನನ್ನ ಅಪ್ಪಣೆಯಂತೆ ಎಲ್ಲರೂ ಬೆಳಗಿನಿಂದ ಬರೀ ನೀರು ಕುಡಿದು ಬಂದಿದ್ದರು. ಸೂರ್ಯ ಮುಳುಗುವ ತನಕ ಹಾಗೆಯೇ. ಬಾಣ ನನ್ನ ಕಾಲ ಬಳಿ ಋಷಿಯಂತೆ ಮಲಗಿತ್ತು. ನನ್ನಾಕೆಯತ್ತ ವಿಜಯದ ನೋಟವೊಂದನ್ನು ಎಸೆದು, ಕೈಯೆತ್ತಿ ಗರ್ಜಿಸಿದೆ: “ಹಸಿವನ್ನು ಗೆದ್ದವನೇ ತನ್ನನ್ನು ಗೆದ್ದವನು!”

ಕೈಯೆತ್ತಿದ ರಭಸಕ್ಕೆ ನನ್ನ ಕೋಟಿನ ಅಂಚು ಬಾಣನ ಮೂಗಿನ ಮುಂದೆ ಬೀಸಿತು. ಬಾಣ ಮೆಲ್ಲಗೆ ಎದ್ದಿತು. ಮುಂಗಾಲು ಮಡಚಿತು. ಬಾಲ ಸೆಟೆಯಿತು. ಮೂಗು ನನ್ನ ಬಲಜೇಬಿನತ್ತ ನೆಟ್ಟಿತು!

ನಾನು ಎಡಕ್ಕೆ ಸರಿದೆ, ಮೂಗೂ ತಿರುಗಿತು. ಮೇಜಿನ ಹಿಂದೆ ಅಡಗಿದೆ. ಬಾಣ ಸುತ್ತಿ ಬಂದು ಮತ್ತೆ ಕಲ್ಲಾಯಿತು. ಹಸಿದ ಮೂವತ್ತು ಜೊತೆ ಕಣ್ಣುಗಳು ನನ್ನ ಜೇಬಿನ ಮೇಲೆ!

“ಹಕ್ಕಿ ಕಂಡರೆ ತಾನೇ ಇದು ಹೀಗೆ ನಿಲ್ಲೋದು?” ಎಂದರು ಅಂಚೆ ಮಾಸ್ತರರು. “ಜೇಬಲ್ಲಿ ಹಕ್ಕಿ ಸಾಕಿದ್ದೀರಾ, ಸ್ವಾಮಿ?”

ನನ್ನಾಕೆ ನೇರವಾಗಿ ಬಂದು ಜೇಬಿಗೆ ಕೈಹಾಕಿದಳು. ಹೊರಬಂದದ್ದು ಅರ್ಧ ಬಿಸ್ಕತ್ತು.

“ಅದು ಬಾಣನಿಗೆ! ತಾಲೀಮಿನ ಬಹುಮಾನ!”

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಹಲ್ಲಿನ ಗುರುತು ಇದೆ. ನಡುವೆ ಒಂದು ಹಲ್ಲಿಲ್ಲ. ಬಾಣನಿಗೆ ಎಲ್ಲ ಹಲ್ಲೂ ನೆಟ್ಟಗಿವೆ, ರೀ.”

ನಾನು ಬಾಯಿ ಮುಚ್ಚಿಕೊಂಡೆ. ಆದರೆ ನನ್ನ ಮುಂಬದಿಯ ಹಲ್ಲುಗಳ ನಡುವಿನ ಆ ಕಿಂಡಿಯನ್ನು ಎಲ್ಲರೂ ಇಪ್ಪತ್ತು ವರ್ಷಗಳಿಂದ ನೋಡಿದ್ದರು.

ಸೋತೆನೆ? ಇಲ್ಲ! “ಹೌದು, ನಾನೇ ತಿಂದೆ! ಮೆತ್ತಗಾಗಿದೆಯೇನೋ ಅಂತ ರುಚಿ ನೋಡಿದೆ. ದೇವರ ಮುಂದೆ ತಪ್ಪೊಪ್ಪಿಕೊಂಡೆ. ಆದರೆ ಬಾಣ ಕುಣೀತಾ? ಬೊಗಳಿತಾ? ಕೊಟ್ಟ ಮಾತಿನಂತೆ ಅದು ಇಲ್ಲೇ ಇರುತ್ತೆ!”

“ಇರಲೇಬೇಕು,” ಎಂದಳು ನನ್ನಾಕೆ. “ಬಾಯಿ ಬಿಡದೆ ನಿಜ ಹೇಳೋರು ಈ ಮನೇಲಿ ಒಬ್ಬರಾದರೂ ಬೇಡವಾ?”

ಹೀಗೆಂದು ಉಳಿದರ್ಧವನ್ನು ಬಾಣನ ಬಾಯಿಗಿಟ್ಟಳು. ನನ್ನ ನಿಜವಾದ ಉಪವಾಸ ಶುರುವಾದದ್ದು ಆಗ!