ನನ್ನ ಟ್ರಿಗರ್‌ನೊಳಗೆ ಬಿಡಾರ ಹೂಡಿದ ಕೊಬ್ಬರಿ ಎಣ್ಣೆಯವರಿಗೆ

ಗೆ,
ಶ್ರೀಯುತ ಕೊಬ್ಬರಿ ಎಣ್ಣೆಯವರು,
ಮೂಲ ವಿಳಾಸ: ನಮ್ಮ ಅತ್ತೆಯವರ ಅಡುಗೆಮನೆ, ಮೈಸೂರು,
ಹಾಲಿ ಮೊಕ್ಕಾಂ: ನನ್ನ ರೈಫಲ್ಲಿನ ಟ್ರಿಗರ್, ಮೋಲ್ನ್‌ಡಾಲ್, ಸ್ವೀಡನ್.

ಮಾನ್ಯರೇ,

ತಮ್ಮ ಪಾದಗಳು ಯಾವ ಕಡೆಗಿವೆ ಎಂಬುದು ಬಾಟಲಿಯನ್ನು ಎಷ್ಟು ತಿರುಗಿಸಿ ನೋಡಿದರೂ ತಿಳಿಯದ ಕಾರಣ, ಮುಚ್ಚಳದ ಕಡೆಗೇ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂಬುದು ಬಚ್ಚಲಮನೆಯ ಶೆಲ್ಫಿನ ಮೇಲೆ, ತಲೆಕೆಳಗು ಮಾಡಿದರೂ ಅಲ್ಲಾಡದೆ, ಬೆಳ್ಳಗೆ ಗಟ್ಟಿಯಾಗಿ ಕುಳಿತಿರುವ ತಮ್ಮನ್ನು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ.

ನನ್ನ ಪರಿಚಯ ತಮಗೆ ಬೇಕಿಲ್ಲ. ಎರಡು ಜಡೆಯ ಕಾಲದಿಂದಲೂ ತಮ್ಮನ್ನು ತಲೆಯ ಮೇಲೆ ಹೊತ್ತು ಮೆರೆಸಿದವಳು ನಾನು, ನಿವೇದಿತಾ. ಈಗ ಇಲ್ಲಿನ ಔಷಧ ಸಂಶೋಧನಾಲಯವೊಂದರಲ್ಲಿ, ಯಾವ ಮುಲಾಮು ಎಷ್ಟು ಚಳಿಗೆ ಎಷ್ಟು ಗಟ್ಟಿಯಾಗುತ್ತದೆ ಎಂದು ಅಳೆದು ಹೊಟ್ಟೆ ಹೊರೆಯುತ್ತಿದ್ದೇನೆ. ಅಂಥವಳ ಬಂದೂಕನ್ನೇ ಆರಿಸಿಕೊಂಡು, ಅದರೊಳಗೇ ಹೆಪ್ಪುಗಟ್ಟಿ ಕುಳಿತ ತಮ್ಮ ಧೈರ್ಯವನ್ನು ಮೆಚ್ಚದೆ ಇರುವುದು ಸಾಧ್ಯವೇ ಇಲ್ಲ. ಸಹೋದ್ಯೋಗಿಗಳಿಗೆ ಈ ಸಂಗತಿಯನ್ನು ನಾನಿನ್ನೂ ಹೇಳಿಲ್ಲ, ಹೇಳುವ ಮುಖವೂ ನನಗಿಲ್ಲ.

ಬಂದೂಕು ಎಂದೊಡನೆ ತಾವು ಗಾಬರಿಯಾಗಬಾರದು. ನಾನು ಹೊಡೆಯುವುದು ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಮಾತ್ರ, ಅದೂ ಭಾನುವಾರ, ಊರಾಚೆಯ ಗುರಿಕಾರರ ಕ್ಲಬ್ಬಿನಲ್ಲಿ. ಅಲ್ಲಿ ನನ್ನ ಜೋಡಿ ಬಿರ್ಗಿಟ್ಟಾ. ಆಯುಷ್ಯವಿಡೀ ಟ್ರಾಮ್ ಓಡಿಸಿ ನಿವೃತ್ತರಾದ ಹೆಂಗಸು. ಮಾತು ಕಡಿಮೆ, ಕಾಫಿ ಜಾಸ್ತಿ. ಮೊದಲ ದಿನ ನಾನು ಬಂದೂಕನ್ನು ಪೊರಕೆ ಹಿಡಿದಂತೆ ಹಿಡಿದಾಗ ನಗದೆ ಇದ್ದವರು ಅವರೊಬ್ಬರೇ. ಪ್ರತಿ ವರ್ಷ ಶರತ್ಕಾಲದಲ್ಲಿ ಪಕ್ಕದೂರಿನ ಕ್ಲಬ್ಬಿನೊಡನೆ ನಮಗೊಂದು ಜೋಡಿ ಪಂದ್ಯವಿರುತ್ತದೆ. ಗೆದ್ದವರಿಗೆ ಒಂದು ಹಳೆಯ ತಾಮ್ರದ ಕಾಫಿ ಕೆಟಲ್, ಅದೂ ಮುಂದಿನ ವರ್ಷದವರೆಗೆ ಮಾತ್ರ. ಬಿರ್ಗಿಟ್ಟಾ ಕ್ಲಬ್ಬಿಗೆ ಸೇರಿದಾಗಿನಿಂದ ಆ ಕೆಟಲ್ ಪಕ್ಕದೂರಿನವರ ಕಪಾಟಿನಲ್ಲೇ ಇದೆ, ನಮ್ಮ ಕಪಾಟಿನಲ್ಲಿ ಅದಕ್ಕೆಂದು ಬಿಟ್ಟ ಜಾಗದಲ್ಲಿ ಕಾಗದದ ಲೋಟಗಳಿವೆ. ಈಗ ಅವರ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಎಂದರೆ ಪ್ರಾಣಭಯ. "ಕಣ್ಣಿಗೆ ಚಾಕು ಹಾಕಿಸಿಕೊಳ್ಳಲ್ಲ. ಈ ಸಲ ಹೊಡೀತೀನಿ, ಆಮೇಲೆ ಬಂದೂಕು ಮಾರ್ತೀನಿ," ಎಂದು ಬೇಸಿಗೆಯಲ್ಲೇ ಹೇಳಿಬಿಟ್ಟಿದ್ದರು. ಅವರ ಕೊನೆಯ ಪಂದ್ಯದಲ್ಲಾದರೂ ಆ ಕೆಟಲನ್ನು ಅವರ ಕೈಗೆ ಕೊಡಬೇಕೆಂಬ ಒಂದೇ ಆಸೆಯಿಂದ ನಾನು ಬೇಸಿಗೆಯಿಡೀ ಅಭ್ಯಾಸ ಮಾಡಿದೆ.

ಇಷ್ಟರಲ್ಲಿ ತಮ್ಮ ಆಗಮನವಾಯಿತು. ದಸರಾ ಹೊತ್ತಿಗೆ ನಮ್ಮ ಅತ್ತೆಯವರು, ಪಾರ್ವತಮ್ಮನವರು, ತಮ್ಮನ್ನು ಸೀರೆಗಳ ನಡುವೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಮೋಲ್ನ್‌ಡಾಲ್‌ಗೆ ಕರೆತಂದರು. ಆಯುಧಪೂಜೆಯ ದಿನ ಅವರು ಸುಮ್ಮನೆ ಕೂರುವವರೇ? ಕಾರು, ಸೈಕಲ್ಲು, ಪಾತ್ರೆ ತೊಳೆಯುವ ಯಂತ್ರ, ಕಸ ಹೀರುವ ಯಂತ್ರ, ಎಲ್ಲಕ್ಕೂ ಅರಿಶಿನ ಕುಂಕುಮವಾಯಿತು, ಶಾಲೆಯ ಲ್ಯಾಪ್‌ಟಾಪಿಗೆ ಕುಂಕುಮ ಬೀಳುವಾಗ ಮಗಳು ಇರಾ "ನೇಯ್, ಅಜ್ಜಿ, ನೇಯ್!" ಎಂದು ಸ್ವೀಡಿಷಿನಲ್ಲಿ ಬೊಬ್ಬೆ ಹೊಡೆದದ್ದು ಮೂರನೇ ಮಹಡಿಗೂ ಕೇಳಿಸಿತು. ಕೊನೆಗೆ ಅತ್ತೆಯವರು, "ಆಯುಧಪೂಜೆ ಅಂತ ಹೆಸರು, ಮನೇಲಿರೋ ಒಂದೇ ಆಯುಧಾನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೀಯಲ್ಲಮ್ಮಾ," ಎಂದರು. ಅದೇನೋ ನಿಜವೇ. ಕೀಲಿ ನನ್ನ ಬಳಿ ಮಾತ್ರ ಇರಬೇಕೆಂಬುದು ಇಲ್ಲಿನ ಕಾನೂನು. ನಾನೇ ತೆಗೆದೆ, ಗುಂಡು ಕೂರಿಸುವ ಬೋಲ್ಟ್ ಕಳಚಿ, ಖಾಲಿ ಇದೆಯೆಂದು ನೋಡಿ, ಮಣೆಯ ಮೇಲಿಟ್ಟು, ಕೈಬಿಡದೆ ಹಿಡಿದುಕೊಂಡೆ.

ಹೂವಾಯಿತು, ಗಂಧವಾಯಿತು. ಆಗ ಅತ್ತೆಯವರು ತಮ್ಮನ್ನು ಒಲೆಯ ಮೇಲೆ ಸೌಟಿನಲ್ಲಿ ಕರಗಿಸಿ ತಂದು, ದೀಪದ ಬತ್ತಿಯೊಂದನ್ನು ಅದ್ದಿ, ಟ್ರಿಗರ್‌ನ ಸಂದಿಯತ್ತ ನಡೆದರು. ನಾನು ಬಾಯಿ ತೆರೆದೆ. "ಮದುವೆಯಾಗಿ ಬಂದಾಗಿಂದ ಹೊಲಿಗೆ ಮಿಷನ್ನಿಗೆ ಇದೇ ಹಾಕ್ತಿರೋದು, ಒಂದು ದಿನ ಕಿರ್ ಅಂದಿಲ್ಲ. ಒಂದೇ ಒಂದು ತೊಟ್ಟು ಕಣಮ್ಮಾ, ಬೆಣ್ಣೆ ಹಾಗೆ ಓಡತ್ತೆ ನೋಡು!" ಎಂದರು. ಇಪ್ಪತ್ತನಾಲ್ಕು ಡಿಗ್ರಿಯ ಕೆಳಗೆ ತಾವು ಕಲ್ಲಾಗುತ್ತೀರೆಂದು ನಿದ್ದೆಯಲ್ಲೂ ಹೇಳಬಲ್ಲ ನಾನು, ಎರಡು ದಿನದಲ್ಲಿ ಊರಿಗೆ ಹೊರಡಲಿದ್ದ ಅತ್ತೆಯವರ ಮುಖ ನೋಡಿ ಸುಮ್ಮನಾದೆ. ಪೂಜೆ ಮಾಡಿದ್ದನ್ನು ಕೂಡಲೇ ಒರೆಸಬಾರದೆಂದು ಅವರು ಹೇಳಿದ್ದರಿಂದ ಬಂದೂಕು ಹಾಗೇ ಬೀರು ಸೇರಿತು. ಆಮೇಲೆ ಆಫೀಸಿನ ಗಡಿಬಿಡಿಯಲ್ಲಿ ತಾವು ಒಳಗಿರುವುದೇ ನನಗೆ ಮರೆತುಹೋಯಿತು.

ಪಂದ್ಯದ ಬೆಳಿಗ್ಗೆ ಈ ವರ್ಷದ ಮೊದಲ ಹಿಮ, ಹುಲ್ಲಿನ ಮೇಲೆಲ್ಲ ಹರಳುಪ್ಪು ಚೆಲ್ಲಿದ ಹಾಗೆ. ಬಿರ್ಗಿಟ್ಟಾ ಮೊದಲು ಹೊಡೆದರು. ಪೊರೆ ಬಂದ ಕಣ್ಣು ಅದೇನು ಕಂಡಿತೋ, ಗುಂಡುಗಳೆಲ್ಲ ಚುಕ್ಕೆಯ ನಟ್ಟನಡುವೆ! ಪಕ್ಕದೂರಿನ ನಾಯಕ ಲೆನಾರ್ಟ್ ಅವರ ಮುಖದ ಬಣ್ಣ ಇಳಿಯಿತು. ಇನ್ನು ನಾನು ಸಾಧಾರಣವಾಗಿ ಹೊಡೆದರೂ ಸಾಕಿತ್ತು. ಮಲಗಿದೆ, ಗುರಿಯಿಟ್ಟೆ, ಉಸಿರು ಹಿಡಿದೆ, ಎಳೆದೆ.

ಮಾನ್ಯರೇ, ಜಪ್ಪಯ್ಯ ಎಂದರೂ ತಾವು ಕದಲಲಿಲ್ಲ. ಕೈಯೆತ್ತಿ ತೀರ್ಪುಗಾರರ ಅನುಮತಿ ಪಡೆದು, ಗುಂಡು ತೆಗೆದು, ಬೋಲ್ಟ್ ಕಳಚಿ ನೋಡಿದರೆ, ಟ್ರಿಗರ್‌ನ ಸಂದಿಯಲ್ಲಿ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದ ಬೀಗರಂತೆ ತಾವು ಬೆಳ್ಳಗೆ ಆಸೀನರಾಗಿದ್ದಿರಿ. ಬಿರ್ಗಿಟ್ಟಾ ಬಗ್ಗಿ ಮೂಸಿದರು. "ಸಮುದ್ರತೀರದಲ್ಲಿ ಹಚ್ಚಿಕೊಳ್ಳೋ ಕ್ರೀಮಿನ ವಾಸನೆ ಬರ್ತಿದೆಯಲ್ಲ?" ಎಂದರು. ಆ ಕ್ಷಣ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಎಣ್ಣೆ ಚಳಿಗೆ ಗಟ್ಟಿಯಾಗಿದೆ, ಕರಗಿಸಬೇಕು ಎಂದಷ್ಟೇ ಹೇಳಿದೆ. ಅವರು ಮತ್ತೊಂದು ಪ್ರಶ್ನೆ ಕೇಳದೆ ಫ್ಲಾಸ್ಕಿನ ಸ್ಟೀಲ್ ಲೋಟಕ್ಕೆ ಬಿಸಿ ಕಾಫಿ ಸುರಿದು ಟ್ರಿಗರ್‌ಗೆ ಒತ್ತಿ ಹಿಡಿದರು. ಪಂದ್ಯದ ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು, ಲೆನಾರ್ಟ್ ಮುಖಕ್ಕೆ ಬಣ್ಣ ಮರಳುತ್ತಿತ್ತು. ತಾವು ನಿಧಾನವಾಗಿ ಕರಗಿ, ಒಂದು ತೊಟ್ಟು ಕಾಫಿಯೊಳಗೂ ಬಿದ್ದಿರಿ.

ಇಲ್ಲಿ ತಮ್ಮನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು. ಕರಗಿದ ಮೇಲಿನ ಆ ನಯ! ಅಯ್ಯೋ, ಅಂಥ ಟ್ರಿಗರ್ ಅನ್ನು ನಾನು ಜನ್ಮದಲ್ಲಿ ಎಳೆದಿರಲಿಲ್ಲ. ಅತ್ತೆಯವರು ಹೇಳಿದ್ದು ಅಕ್ಷರಶಃ ನಿಜ, ಬೆಣ್ಣೆಯೇ ಬೆಣ್ಣೆ. ಗುಂಡಿನ ಮೇಲೆ ಗುಂಡು ನಡುವಿಗೇ ಹೋಯಿತು. ಉಳಿದದ್ದು ಕೊನೆಯದೊಂದು. ಅಷ್ಟರಲ್ಲಿ ತಾವು ಮತ್ತೆ ಹೆಪ್ಪುಗಟ್ಟಿದಿರಿ. ಕಾಫಿ ಕೊಡಿ ಎಂದು ತಿರುಗಿ ನೋಡಿದರೆ, ಚೆಲ್ಲಲು ಮನಸ್ಸು ಬಾರದೆ ಬಿರ್ಗಿಟ್ಟಾ ಅದನ್ನು ಕುಡಿದು ಮುಗಿಸಿದ್ದರು, ತಮ್ಮ ತೊಟ್ಟೂ ಸೇರಿ. ಫ್ಲಾಸ್ಕೂ ಖಾಲಿ. ಸಮಯ ಮುಗಿಯಿತು, ಹೊಡೆಯದ ಕೊನೆಯ ಗುಂಡು ನನ್ನ ಜೇಬು ಸೇರಿತು, ಆ ಒಂದೇ ಗುಂಡಿನಿಂದ ನಾವು ಸೋತೆವು. ಕೆಟಲ್ ಲೆನಾರ್ಟ್ ಅವರ ಕಾರು ಹತ್ತುವುದನ್ನು ಬಿರ್ಗಿಟ್ಟಾ ಜೇಬಿಗೆ ಕೈಹಾಕಿಕೊಂಡು ನೋಡುತ್ತ ನಿಂತಿದ್ದರು. ನನಗೆ ಅಳುವೇ ಬಂತು.

ತಮ್ಮನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲವೆಂದು, ಮನೆಗೆ ಬಂದವಳೇ ಒಂದು ಪರೀಕ್ಷೆಯನ್ನೂ ನಡೆಸಿದೆ. ಊಟದ ಸ್ಟೀಲ್ ತಟ್ಟೆಯ ಮೇಲೆ ಸಾಲಾಗಿ ಒಂದೊಂದು ತೊಟ್ಟಿಟ್ಟು, ಫ್ರೀಜರಿನಲ್ಲಿ ಬಟಾಣಿ ಚೀಲಕ್ಕೆ ಒರಗಿಸಿ ಓರೆಯಾಗಿ ನಿಲ್ಲಿಸಿದೆ. ಕ್ಲಬ್ಬಿನವರು ಕೊಡುವ ಗನ್ ಆಯಿಲ್, ಮೂಸಿದರೆ ತಲೆನೋವು ಬರುವಂಥದ್ದು, ಆ ಚಳಿಯಲ್ಲೂ ಕಮಕ್ ಕಿಮಕ್ ಎನ್ನದೆ ತಟ್ಟೆಯ ಅಂಚಿಗೆ ಹರಿಯಿತು. ಹೊಲಿಗೆ ಯಂತ್ರದ ಎಣ್ಣೆ ಮೊಣಕಾಲು ನೋವಿನವರಂತೆ ನಿಧಾನವಾಗಿಯಾದರೂ ಇಳಿಯಿತು. ಬೋಲ್ಟಿಗೆ ಹಚ್ಚುವ ಗ್ರೀಸ್ ಇದ್ದಲ್ಲೇ ಇತ್ತು, ಆದರೆ ಬೆರಳಿಟ್ಟರೆ ಸರಿಯಿತು. ಭಾರ ಹೊರುವ ಜಾಗಕ್ಕೆ ಅದೇ ವಾಸಿ, ಟ್ರಿಗರ್‌ಗೆ ಬೇಡ. ಗ್ರಾಫೈಟ್ ಪುಡಿಗೆ ಹರಿಯುವ ಕೆಲಸವೇ ಇಲ್ಲ, ಹೆಪ್ಪುಗಟ್ಟುವ ಗೋಜೂ ಇಲ್ಲ. ಕೈ ಮಾತ್ರ ಮಸಿ. ಬಿರ್ಗಿಟ್ಟಾ ಅವರ ಪದ್ಧತಿ ಇನ್ನೂ ಸರಳ: ಚಳಿಗಾಲದಲ್ಲಿ ಟ್ರಿಗರ್ ಅನ್ನು ಚೆನ್ನಾಗಿ ತೊಳೆದು, ಒಣಗಿಸಿ, ಏನೂ ಹಾಕದೆ ಬಿಡುವುದು. ತಾವೋ, ಅಂಗಿಗೆ ಹೊಲಿಯಬಹುದಾದ ಬಿಳಿ ಗುಂಡಿಯಾಗಿ ತಟ್ಟೆಗೆ ಅಂಟಿಕೊಂಡಿದ್ದಿರಿ, ಚಾಕುವಿನಿಂದ ಎಬ್ಬಬೇಕಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ಈ ದೇಶದಲ್ಲಿ ನೆಲೆಸುವುದೇ ಆದರೆ ತಾವು ಎಲ್ಲರಂತೆ ಪರ್ಸನ್‌ನಂಬರ್ ಎಂಬ ಗುರುತಿನ ಸಂಖ್ಯೆ ಪಡೆದು, ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ, ನಡೆಸುವ ಭಾಷೆಯ ತರಗತಿಗೆ ಸೇರಿ, ಚಳಿಯಲ್ಲಿ ಬದುಕುವುದನ್ನು ಕಲಿಯಬೇಕು. ಹೆಪ್ಪುಗಟ್ಟುವ ಉಷ್ಣಾಂಶವನ್ನು ಮೈನಸ್ ಮೂವತ್ತಕ್ಕೆ ಇಳಿಸಿಕೊಳ್ಳಬೇಕು. ಅದಾಗದಿದ್ದರೆ, ಹೆಪ್ಪುಗಟ್ಟುವ ಮುನ್ನ ಲಿಖಿತ ನೋಟಿಸನ್ನಾದರೂ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಯವರ ಮುಂದೆ ತಾವು ಬಾಯಿಬಿಡಬಾರದು. "ಹೇಗಿತ್ತಮ್ಮಾ, ಬೆಣ್ಣೆ ಹಾಗೆ ಓಡ್ತಾ?" ಎಂದು ಅವರು ಫೋನಿನಲ್ಲಿ ಕೇಳಿದಾಗ, "ಓಡ್ತು ಅತ್ತೆ" ಎಂದಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಧರ್ಮವಾಗದು. ಮೊನ್ನೆ ಕ್ಲಬ್ಬಿನಲ್ಲಿ ಬಿರ್ಗಿಟ್ಟಾ ಬಂದೂಕು ಮಾರುವ ಚೀಟಿಯನ್ನು ಗೋಡೆಯಿಂದ ಕೈಯಾರೆ ಕಿತ್ತರು. "ಗೆದ್ದಿದ್ದರೆ ನೆಮ್ಮದಿಯಾಗಿ ಮನೇಲಿ ಕೂತಿರ್ತಿದ್ದೆ. ಒಂದು ಲೋಟ ಕಾಫಿಯಿಂದ ಸೋತು ಹ್ಯಾಗೆ ಕೂರೋದು?" ಎಂದರು. ಕಣ್ಣಿನ ಆಪರೇಷನ್ನಿಗೆ ಹೆಸರು ಬರೆಸಿದ್ದಾರೆ. ಆ ದಿನ ಜೊತೆಗೆ ಬಾ ಎಂದು ನನ್ನನ್ನು ಕರೆದಿದ್ದಾರೆ, ಕಾಫಿಯ ಫ್ಲಾಸ್ಕ್ ಎರಡು ತರಬೇಕಂತೆ. ತಾವು ಆ ಬೆಳಿಗ್ಗೆ ಕರಗಿಯೇ ಇದ್ದಿದ್ದರೆ ಇದಾಗುತ್ತಿರಲಿಲ್ಲ ಎಂಬುದನ್ನು ಹಲ್ಲು ಕಚ್ಚಿಕೊಂಡು ಒಪ್ಪುತ್ತೇನೆ.

ಟ್ರಿಗರ್ ತೊಳೆದರೂ ತಮ್ಮ ಪರಿಮಳವನ್ನು ಸಹಿಸುತ್ತಿರುವ,
ತಮ್ಮ ವಿಶ್ವಾಸಿ,
ನಿವೇದಿತಾ

ತಾ.ಕ.: ಪಂದ್ಯದ ನಂತರ ಲೆನಾರ್ಟ್ ಅವರು ನನ್ನ ಬಂದೂಕನ್ನು ಮೂಸಿ ನೋಡಿ, ಅಷ್ಟು ನಯವಾಗಿ ಓಡುವ ಈ ಎಣ್ಣೆ ಯಾವುದೆಂದು ವಿಚಾರಿಸಿದರು. "ಇಂಡಿಯಾದ್ದು. ಅಲ್ಲಿ ಇದಕ್ಕೆ ಪೂಜೇನೂ ಮಾಡ್ತಾರೆ," ಎಂದು, ಅಷ್ಟರಲ್ಲಿ ನನ್ನಿಂದ ಆಯುಧಪೂಜೆಯ ಕಥೆ ಕೇಳಿದ್ದ ಬಿರ್ಗಿಟ್ಟಾ ರೆಪ್ಪೆ ಬಡಿಯದೆ ಹೇಳಿದರು. ನಾನು ವಿಜ್ಞಾನಿ, ಸುಳ್ಳು ಹೇಳಲಾರೆ. ಆದ್ದರಿಂದ ಸುಮ್ಮನೆ ನಿಂತಿದ್ದೆ. ಈ ಕ್ರಿಸ್‌ಮಸ್ಸಿಗೆ ಲೆನಾರ್ಟ್ ಅವರಿಗೆ ಉಡುಗೊರೆಯಾಗಿ ತೆರಳಲು ತಾವು ಸಿದ್ಧರಾಗಿರಬೇಕು. ಕೆಂಪು ಕಾಗದ, ಹಸಿರು ರಿಬ್ಬನ್ನು ತಂದಾಗಿದೆ, ಅತ್ತೆಯವರಿಗೆ ಇನ್ನೊಂದು ದೊಡ್ಡ ಬಾಟಲಿ ಕಳಿಸಿ ಎಂದು ಹೇಳಿಯೂ ಆಗಿದೆ.